ಗಾಳಕ್ಕೆ ಮೀನು ಬೀಳುತ್ತಿಲ್ಲವೇ? ಮಿನ್ನೆಸೋಟದ ಕೆರೆಗಳಲ್ಲಿ ದೋಷ ಹುಡುಕುವ ಕ್ರಮ

ಮೀನು ಕಚ್ಚದಿದ್ದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಪೆಟ್ಟಿಗೆ ತೆರೆದು ಇನ್ನೊಂದು ಬಣ್ಣದ ಲೂರ್, ಅಂದರೆ ಕೃತಕ ಎರೆ, ಕಟ್ಟುವುದು. ಹಸಿರು ಆಗಲಿಲ್ಲವಾ, ಕಿತ್ತಳೆ. ಅದೂ ಆಗಲಿಲ್ಲವಾ, ಗುಲಾಬಿ. ಪೆಟ್ಟಿಗೆ ಮುಗಿಯುವ ಹೊತ್ತಿಗೆ ಸಂಜೆ. ಬಣ್ಣ ನೋಡಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮುಂಚೆ ಕೆರೆ, ಆಳ, ಹೊತ್ತು, ವೇಗ, ಎರೆಯ ಗಾತ್ರ, ಇದೇ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿ ಮೀನು ಬಿದ್ದರೆ ಯಾವುದರಿಂದ ಬಿತ್ತು ಅಂತ ಗೊತ್ತಾಗುವುದಿಲ್ಲ.

ಮಿನಿಯಾಪೊಲಿಸ್, ಸೇಂಟ್ ಪಾಲ್ ಸುತ್ತಮುತ್ತ ನೆಲೆಸಿ ಬೇಸಿಗೆಯಲ್ಲಿ ರಾಡ್ ಹಿಡಿಯುವ ಕನ್ನಡದವರಿಗಾಗಿ ಇದನ್ನು ಬರೆದಿದ್ದೇನೆ. ಊರಲ್ಲಿ ಹೊಳೆಯ ಮಡುವಿನ ಪಕ್ಕ ಎರೆಹುಳ ಚುಚ್ಚಿ ಕೂತ ಅಭ್ಯಾಸ ಇರಬಹುದು. ಆ ತಾಳ್ಮೆ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಆದರೆ ವಾಲೈ, ಪೈಕ್, ಬಾಸ್, ಪ್ಯಾನ್‌ಫಿಶ್ (ಬ್ಲೂಗಿಲ್, ಕ್ರಾಪಿಯಂಥ ಸಣ್ಣ ಮೀನು) ಇವುಗಳ ನಡವಳಿಕೆ ಬೇರೆ ಬೇರೆ. ಒಂದಕ್ಕೆ ಸರಿಯಾದ ಪರಿಹಾರ ಇನ್ನೊಂದಕ್ಕೆ ದೋಷ ಆಗಬಹುದು.

ಮೊದಲು ನಿಮ್ಮ ತೊಂದರೆ ಯಾವುದು ಅಂತ ಗುರುತಿಸಿಕೊಳ್ಳಿ. ಒಂದೂ ಕಚ್ಚುತ್ತಿಲ್ಲವೋ? ಕಚ್ಚುತ್ತಿದೆ, ಕೊಕ್ಕೆಗೆ ಸಿಗುತ್ತಿಲ್ಲವೋ? ಸಿಕ್ಕದ್ದು ತಪ್ಪಿಸಿಕೊಳ್ಳುತ್ತಿದೆಯೋ? ದಾರ ತುಂಡಾಗುತ್ತಿದೆಯೋ? ಪ್ರತಿಯೊಂದಕ್ಕೂ ಕಾರಣಗಳೇ ಬೇರೆ.

ಒಂದೂ ಕಚ್ಚುತ್ತಿಲ್ಲ

ಆ ಮೀನು ಆ ಕೆರೆಯಲ್ಲಿ ಇದೆಯಾ? ಇದು ತಮಾಷೆಯ ಪ್ರಶ್ನೆ ಅಲ್ಲ. ವಾಲೈ ಮಿನ್ನೆಸೋಟದ ರಾಜ್ಯಮೀನು, 1965ರಿಂದ. ಹಾಗಂತ ಎಲ್ಲ ಕೆರೆಯಲ್ಲೂ ಅದು ಚೆನ್ನಾಗಿ ಮರಿ ಮಾಡುವುದಿಲ್ಲ. ಎಷ್ಟೋ ಕೆರೆಗಳಲ್ಲಿ ಇರುವುದು ಇಲಾಖೆಯವರು ತಂದು ಬಿಟ್ಟ ಮೀನು ಮಾತ್ರ. ನಗರದ ಒಳಗಿನ ಸಣ್ಣ ಕೆರೆಗಳಲ್ಲಿ ಬ್ಲೂಗಿಲ್, ಬಾಸ್, ಪೈಕ್ ಸಿಗುವ ಸಂಭವ ಜಾಸ್ತಿ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ, ಅಂದರೆ ಎಲ್ಲರೂ ಡಿಎನ್‌ಆರ್ ಅನ್ನುವ ಇಲಾಖೆಗೆ, ಲೇಕ್‌ಫೈಂಡರ್ ಅಂತ ಒಂದು ತಾಣ ಇದೆ. ಕೆರೆಯ ಹೆಸರು ಹಾಕಿದರೆ ಸಮೀಕ್ಷೆಯ ಬಲೆಗೆ ಯಾವ ಮೀನು ಬಿದ್ದಿತ್ತು, ಎಷ್ಟು ದೊಡ್ಡದಿತ್ತು ಅಂತ ತೋರಿಸುತ್ತದೆ. ಹಲವು ಕೆರೆಗಳ ಆಳದ ನಕ್ಷೆಯೂ ಇದೆ. ಹೊಸ ಲೂರ್‌ಗೆ ದುಡ್ಡು ಹಾಕುವ ಮುಂಚೆ ಐದು ನಿಮಿಷ ಅಲ್ಲಿ ಕಳೆಯಿರಿ.

ಮೀನು ಇದೆ ಅಂತಾದರೆ ಮುಂದಿನ ಪ್ರಶ್ನೆ ಆಳ. ಬೇಸಿಗೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

ಜುಲೈ, ಆಗಸ್ಟ್‌ನಲ್ಲಿ ಆಳದ ಕೆರೆಗಳ ನೀರು ಪದರ ಪದರ ಆಗಿ ನಿಲ್ಲುತ್ತದೆ. ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು. ನಡುವೆ ಸ್ವಲ್ಪ ಆಳದಲ್ಲೇ ಉಷ್ಣತೆ ಸರ್ರನೆ ಇಳಿಯುವ ಒಂದು ಪದರ ಇರುತ್ತದೆ, ಅದಕ್ಕೆ ಥರ್ಮೋಕ್ಲೈನ್ ಅನ್ನುತ್ತಾರೆ. ಮೇಲಿನ ನೀರಿಗೆ ಗಾಳಿಯಿಂದ ಆಮ್ಲಜನಕ ಸಿಗುತ್ತಲೇ ಇರುತ್ತದೆ. ಕೆಳಗಿನದಕ್ಕೆ ಸಿಗುವುದಿಲ್ಲ. ತಳದಲ್ಲಿ ಕೊಳೆಯುವ ಕಳೆ, ಪಾಚಿ ಇದ್ದ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಕಳೆ ಜಾಸ್ತಿ ಬೆಳೆಯುವ ಕೆರೆಯಲ್ಲಿ ಆಗಸ್ಟ್ ಹೊತ್ತಿಗೆ ನಲವತ್ತು ಅಡಿ ಆಳದಲ್ಲಿ ಮೀನು ಉಸಿರಾಡುವುದೇ ಕಷ್ಟ. ಬಿಸಿಲು ಜೋರು, ಹಾಗಾಗಿ ಮೀನು ಕೆಳಗೆ ಹೋಗಿರುತ್ತೆ ಅಂತ ಎರೆಯನ್ನು ಅಲ್ಲಿಗೆ ಇಳಿಸಿ ಕೂತರೆ ಅಲ್ಲಿ ಯಾರೂ ಇಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ಸೋನಾರ್, ಅಂದರೆ ನೀರೊಳಗಿನ ಮೀನನ್ನು ಪರದೆಯಲ್ಲಿ ತೋರಿಸುವ ಉಪಕರಣ, ಇದ್ದರೆ ಅದರ ಸೆನ್ಸಿಟಿವಿಟಿ ಏರಿಸಿ. ನೀರಿನ ನಡುವೆ ಮಸುಕಾದ ಅಡ್ಡಪಟ್ಟಿ ಕಂಡರೆ ಅದೇ ಥರ್ಮೋಕ್ಲೈನ್. ಅದರ ಮೇಲೆ ಮೀನಿನ ಗುರುತುಗಳು ಇವೆ, ಕೆಳಗೆ ಒಂದೂ ಇಲ್ಲ ಅಂದರೆ ಪಟ್ಟಿಗಿಂತ ಕೆಳಗೆ ಗಾಳ ಬಿಡುವುದು ವ್ಯರ್ಥ. ಸೋನಾರ್ ಇಲ್ಲದವರು ಎರೆಗೆ ಬಳಸುವ ಮಿನ್ನೋ ಅನ್ನುವ ಒಂದು ಜೀವಂತ ಪುಟ್ಟ ಮೀನನ್ನು ಕೊಕ್ಕೆಗೆ ಚುಚ್ಚಿ ತಳಕ್ಕೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಯಾವುದೂ ಕಚ್ಚದೆ, ಗಾಯವೂ ಇಲ್ಲದೆ ಅದು ಸತ್ತು ಮೇಲೆ ಬಂತು ಅಂದರೆ ಅಲ್ಲಿ ಆಮ್ಲಜನಕ ಇಲ್ಲ ಅನ್ನುವ ಅನುಮಾನ ಗಟ್ಟಿಯಾಗುತ್ತದೆ.

ಎಲ್ಲ ಕೆರೆಗೂ ಇದು ಅನ್ವಯಿಸುವುದಿಲ್ಲ. ಮಿಲ್ ಲ್ಯಾಕ್ಸ್ ನೋಡಿ. ವಿಸ್ತಾರ ಸುಮಾರು 1,32,000 ಎಕರೆ, ಆದರೆ ಅತಿ ಹೆಚ್ಚಿನ ಆಳ ಬರೀ 42 ಅಡಿಯ ಆಸುಪಾಸು. ಅಷ್ಟು ಅಗಲದ ನೀರಿನ ಮೇಲೆ ಬೀಸುವ ಗಾಳಿ ಕೆರೆಯನ್ನು ತಳದವರೆಗೆ ಕಲಕುತ್ತಲೇ ಇರುತ್ತದೆ. ಅಲ್ಲಿ ವಾಲೈ ತಳದಲ್ಲೇ ಆರಾಮಾಗಿ ಇರಬಲ್ಲದು. ಮಿನ್ನೆಟೊಂಕದಲ್ಲಿ ನೂರು ಅಡಿ ದಾಟಿದ ಆಳವೂ ಇದೆ, ಹತ್ತಾರು ಕೊಲ್ಲಿಗಳೂ ಇವೆ. ಅಲ್ಲಿ ಒಂದು ಕೊಲ್ಲಿಯಲ್ಲಿ ಕಲಿತ ಲೆಕ್ಕ ಪಕ್ಕದ ಕೊಲ್ಲಿಯಲ್ಲಿ ಕೈಕೊಡಬಹುದು.

ಇನ್ನು ಹೊತ್ತು. ವಾಲೈ ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ತಿರುಗಿಸುವ ಪದರ ಇದೆ, ಬೆಕ್ಕಿನ ಕಣ್ಣಲ್ಲಿ ಇರುವ ಹಾಗೆ. ಮಬ್ಬು ಬೆಳಕಲ್ಲಿ ಅದು ತಿನ್ನುವ ಪರ್ಚ್ ಮೀನಿನ ಮರಿಗೆ ಸರಿಯಾಗಿ ಕಾಣುವುದಿಲ್ಲ, ವಾಲೈಗೆ ಕಾಣುತ್ತದೆ. ಅದು ಬೇಟೆಗೆ ಹೊರಡುವುದು ಆಗಲೇ. ತಿಳಿನೀರು, ಅಲೆ ಇಲ್ಲ, ನೆತ್ತಿ ಮೇಲೆ ಸೂರ್ಯ, ಆರು ಅಡಿ ನೀರಿನಲ್ಲಿ ವಾಲೈ ಕಚ್ಚುತ್ತಿಲ್ಲ ಅಂದರೆ ಏನೂ ದೋಷ ಇಲ್ಲ, ಅದು ಹಾಗೆಯೇ. ನೀರು ಎಷ್ಟು ತಿಳಿ ಅಂತ ಅಳೆಯಲು ಒಂದು ಬಿಳಿ ಡಬ್ಬಿಯ ಮುಚ್ಚಳಕ್ಕೆ ಭಾರ ಕಟ್ಟಿ ಇಳಿಬಿಡಿ, ಎಷ್ಟು ಅಡಿಗೆ ಮರೆಯಾಗುತ್ತದೆ ನೋಡಿ. ಹತ್ತು ಅಡಿ ದಾಟಿದರೂ ಕಾಣುತ್ತಿದ್ದರೆ ಹಗಲಿನ ವಾಲೈ ಆಸೆ ಕಡಿಮೆ ಮಾಡಿ. ಮಿಲ್ ಲ್ಯಾಕ್ಸ್‌ನಲ್ಲಿ 2005ರಲ್ಲಿ ಜೀಬ್ರಾ ಮಸಲ್ ಅನ್ನುವ ಸಣ್ಣ ಚಿಪ್ಪುಜೀವಿ ಪತ್ತೆಯಾಯಿತು. ಅದು ನೀರನ್ನು ಸೋಸಿ ತಿನ್ನುತ್ತದೆ, ಅದರಿಂದ ನೀರು ತಿಳಿಯಾಗುತ್ತದೆ. ಇಂಥ ತಿಳಿನೀರಿನ ಕೆರೆಗಳಲ್ಲಿ ಮುಂಜಾವು, ಮುಸ್ಸಂಜೆ, ರಾತ್ರಿ ಇವೇ ನೆಚ್ಚಬಹುದಾದ ಹೊತ್ತು. ಗಾಳಿ ಬೀಸಿ ನೀರಿನ ಮೇಲೆ ಪುಟ್ಟ ಅಲೆ ಎದ್ದ ದಿನ ಮಾತ್ರ ಹಗಲೂ ನಡೆಯುತ್ತದೆ. ಆಗ ಗಾಳಿ ಬಡಿಯುವ ದಡಕ್ಕೆ ಹೋಗಿ. ದೋಣಿ ನಿಲ್ಲಿಸಲು ಕಷ್ಟ, ಮೀನಿಗೆ ಊಟ ಸೇರುವುದು ಅಲ್ಲೇ.

ಬಾಸ್‌ನ ಕಥೆ ಇದರ ಉಲ್ಟಾ. ಲಾರ್ಜ್‌ಮೌತ್ ಬಾಸ್ ಮಟಮಟ ಮಧ್ಯಾಹ್ನವೂ ಕಚ್ಚುತ್ತದೆ, ಆದರೆ ನೆರಳಿನಲ್ಲಿ. ತಾವರೆ ಎಲೆ, ಜೊಂಡು, ಮನೆಗಳ ಮುಂದಿನ ಡಾಕ್‌ನ ಅಡಿ. ಲೂರ್ ಬೀಳುವ ಜಾಗ ನೆರಳಿನಿಂದ ಐದು ಅಡಿ ಆಚೆ ಆದರೆ ಎಸೆದದ್ದು ದಂಡ. ಕಳೆಗೆ ಸಿಕ್ಕಿಕೊಳ್ಳುತ್ತೆ ಅಂತ ಹೆದರಿ ದೂರ ಎಸೆಯುವವರೇ ಜಾಸ್ತಿ. ಕೊಕ್ಕೆಯ ಮೊನೆಯನ್ನು ರಬ್ಬರ್ ಹುಳದೊಳಗೆ ಅಡಗಿಸಿ ಕಳೆಯ ಮಧ್ಯಕ್ಕೇ ಬಿಡಿ. ಸ್ಮಾಲ್‌ಮೌತ್ ಬೇಕಾದರೆ ಕಳೆ ಬಿಟ್ಟು ಕಲ್ಲು ಹುಡುಕಿ.

ಪೈಕ್ ವಿಷಯದಲ್ಲಿ ಬರುವ ದೂರು ಬೇರೆ: ಸಿಗುತ್ತಿದೆ, ಎಲ್ಲ ಕೋಲಿನಂಥ ಸಣ್ಣವು. ಕಾರಣ ನೀರಿನ ಬಿಸಿ. ನೀರು 70 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 21 ಸೆಲ್ಸಿಯಸ್ ದಾಟುತ್ತಿದ್ದಂತೆ ದೊಡ್ಡ ಪೈಕ್‌ಗಳು ದಡದ ಕಳೆ ಬಿಟ್ಟು ತಂಪು ಹುಡುಕಿಕೊಂಡು ಹೋಗುತ್ತವೆ. ಸಣ್ಣವು ಅಲ್ಲೇ ಉಳಿಯುತ್ತವೆ. ಕಳೆಯ ಹೊರ ಅಂಚು, ಥರ್ಮೋಕ್ಲೈನ್‌ನ ಸ್ವಲ್ಪ ಮೇಲೆ, ಬುಗ್ಗೆ ನೀರು ಬರುವ ಜಾಗ, ಇಲ್ಲಿ ನೋಡಿ. ಇಲ್ಲವೇ ಸೆಪ್ಟೆಂಬರ್‌ವರೆಗೆ ಕಾಯಿರಿ.

ಪ್ಯಾನ್‌ಫಿಶ್‌ಗಳಲ್ಲಿ ಬ್ಲೂಗಿಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಎರೆಹುಳದ ಚೂರು ಇದ್ದರೆ ಸಾಕು. ದೊಡ್ಡವು ಬೇಕಾದರೆ ಜೂನ್ ಕಳೆದ ಮೇಲೆ ದಡ ಬಿಟ್ಟು ಕಳೆಯ ಆಳದ ಅಂಚಿಗೆ ಹೋಗಬೇಕು. ಕ್ರಾಪಿ ಮಾತ್ರ ಜನರನ್ನು ಆಟ ಆಡಿಸುತ್ತದೆ. ಅದರ ಕಣ್ಣು ಮೇಲಕ್ಕೆ ನೋಡುವಂತಿದೆ. ತನಗಿಂತ ಮೇಲಿರುವ ಎರೆಗೆ ಎದ್ದು ಬರುತ್ತದೆ, ಕೆಳಗಿರುವುದಕ್ಕೆ ಇಳಿಯುವುದು ಅಪರೂಪ. ಸೋನಾರ್‌ನಲ್ಲಿ ಹನ್ನೆರಡು ಅಡಿಗೆ ಕ್ರಾಪಿ ಗುಂಪು ಕಂಡರೆ ಎರೆಯನ್ನು ಹನ್ನೊಂದು ಅಡಿಗೆ ನಿಲ್ಲಿಸಿ. ಸೋನಾರ್ ಇಲ್ಲವೇ? ಬೆಂಡನ್ನು ಒಂದೊಂದೇ ಅಡಿ ಕೆಳಕ್ಕೆ ಸರಿಸುತ್ತಾ ಎರೆಯನ್ನು ಮೇಲೆ ತನ್ನಿ. ಇಷ್ಟರಿಂದಲೇ ಸರಿಹೋಗುವ ಕ್ರಾಪಿ ಸಮಸ್ಯೆಗಳು ಬಹಳ.

ಹವಾಮಾನವೂ ಒಂದು ಕಾರಣ, ನೆಪ ಅಲ್ಲ. ಗುಡುಗು ಮಳೆ ಬಂದು ಹೋಗಿ ಮಾರನೇ ದಿನ ಆಕಾಶ ನೀಲಿ, ಉತ್ತರದ ತಣ್ಣನೆ ಗಾಳಿ ಅಂದರೆ ಕೋಲ್ಡ್ ಫ್ರಂಟ್ ದಾಟಿದೆ. ಮೀನು ಕಳೆಯೊಳಗೆ ಅಥವಾ ತಳಕ್ಕೆ ಅಂಟಿಕೊಂಡು ಮಂಕಾಗಿರುತ್ತದೆ. ಲೂರ್ ಚಿಕ್ಕದು ಮಾಡಿ, ಎಳೆಯುವ ವೇಗ ಅರ್ಧಕ್ಕೆ ಇಳಿಸಿ, ಮೂತಿಯ ಮುಂದೆಯೇ ಬಿಡಿ. ಜೂನ್ ಸುಮಾರಿಗೆ ಮೇಫ್ಲೈ ಹುಳಗಳು ಕೆಸರಿನಿಂದ ಏಳುತ್ತವೆ. ಮಿಲ್ ಲ್ಯಾಕ್ಸ್‌ನ ಕೆಸರು ಹಾಸುಗಳ ಮೇಲೆ ವಾಲೈ ಇವನ್ನು ಹೊಟ್ಟೆ ತುಂಬ ತಿನ್ನುತ್ತವೆ. ಆಗ ದೊಡ್ಡ ಲೂರ್ ಎಳೆದಾಡಿದರೆ ತಿರುಗಿಯೂ ನೋಡುವುದಿಲ್ಲ. ಜಿಗಣೆ ಅಥವಾ ದೊಡ್ಡ ಎರೆಹುಳ ಹಾಕಿ ತಳದ ಮೇಲೆ ನಿಧಾನಕ್ಕೆ ಎಳೆಯಿರಿ. ಹೌದು, ಇಲ್ಲಿ ಜಿಗಣೆಯನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತಾರೆ, ಫ್ರಿಜ್‌ನಲ್ಲಿ ಇಡುತ್ತಾರೆ. ಅದಕ್ಕೆ ಮನೆಯವರನ್ನು ಒಪ್ಪಿಸುವುದು ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ಇವೆಲ್ಲ ನೋಡಿ ಆಯಿತು ಅಂದ ಮೇಲೆ ಬಣ್ಣ. ಕಂದು, ಮಬ್ಬು ನೀರಿಗೆ ಎದ್ದು ಕಾಣುವ ಬಣ್ಣ, ತಿಳಿನೀರಿಗೆ ಮೀನಿನ ಮರಿಯಂತೆ ಕಾಣುವ ಬೆಳ್ಳಿ ಅಥವಾ ಕಂದು. ಇಷ್ಟು ಸಾಕು.

ಕಚ್ಚುತ್ತದೆ, ಸಿಗುವುದಿಲ್ಲ

ಇದು ಒಳ್ಳೆಯ ತೊಂದರೆ. ಜಾಗ, ಆಳ, ಹೊತ್ತು ಸರಿಯಾಗಿದೆ ಅಂತ ಅರ್ಥ. ಅವನ್ನು ಮುಟ್ಟಬೇಡಿ.

ವಾಪಸ್ ಬಂದ ಎರೆಯನ್ನು ನೋಡಿ. ಎರೆಹುಳದ ತುದಿ ಮಾತ್ರ ಹರಿದಿದೆ ಅಂದರೆ ಬ್ಲೂಗಿಲ್ ಅಥವಾ ಪುಟ್ಟ ಪರ್ಚ್. ಬ್ಲೂಗಿಲ್ ಬಾಯಿ ಸಣ್ಣದು. 8 ಅಥವಾ 10ನೇ ನಂಬರಿನ ಕೊಕ್ಕೆ ಹಾಕಿ, ಇಡೀ ಹುಳ ನೇತುಬಿಡದೆ ಒಂದು ಚೂರು ಚುಚ್ಚಿ. ಕೊಕ್ಕೆಯ ನಂಬರ್ ಜಾಸ್ತಿ ಆದಷ್ಟೂ ಕೊಕ್ಕೆ ಸಣ್ಣದು, ಅಂಗಡಿಯಲ್ಲಿ ಇದು ಹೊಸಬರಿಗೆ ಉಲ್ಟಾ ಹೊಡೆಯುತ್ತದೆ. ಜೊತೆಗೆ ಬೆಂಡು ನೋಡಿ. ಕೆಂಪು ಬಿಳಿ ದಪ್ಪ ಚೆಂಡಿನ ಬೆಂಡು ಹಾಕಿದ್ದರೆ ಮೀನು ಎಳೆದಾಗ ಅದು ತಡೆಯುತ್ತದೆ, ಮೀನಿಗೆ ಅನುಮಾನ ಬಂದು ಉಗಿಯುತ್ತದೆ. ಸಣ್ಣ ತೆಳು ಬೆಂಡು ಹಾಕಿ, ಅದು ಅರ್ಧಕ್ಕಿಂತ ಜಾಸ್ತಿ ಮುಳುಗುವಷ್ಟು ಭಾರ ಕೊಡಿ.

ಮಿನ್ನೋ ಮೈಮೇಲೆ ಸೀಳಿದ ಗಾಯ ಇದ್ದರೆ ಪೈಕ್. ಬಾಲದ ಕಡೆ ಮಾತ್ರ ಹೋಗಿದ್ದರೆ ಮೀನು ಹಿಂದಿನಿಂದ ಕಚ್ಚಿ ಬಿಟ್ಟಿದೆ. ವಾಲೈ ಹೀಗೆ ಮಾಡುವುದು ಜಾಸ್ತಿ. ಅದರ ಕಚ್ಚು ಒಂದು ಸಣ್ಣ ಟಿಕ್, ಆಮೇಲೆ ದಾರ ಸುಮ್ನೆ ಭಾರ ಆದಂತೆ ಅನ್ನಿಸುವುದು. ಜಿಗ್ (ಸೀಸದ ತಲೆಯ ಕೊಕ್ಕೆ) ಹಾಕಿದ್ದರೆ ತಕ್ಷಣ ಎಳೆಯಬಹುದು. ಲಿಂಡಿ ರಿಗ್ ಆದರೆ ಎಳೆಯಬೇಡಿ. ಆ ಜೋಡಣೆಯಲ್ಲಿ ಸೀಸದ ಒಳಗಿಂದ ದಾರ ಜಾರುತ್ತದೆ, ಮೀನಿಗೆ ಭಾರ ಗೊತ್ತಾಗಬಾರದು ಅನ್ನುವುದೇ ಅದರ ಉದ್ದೇಶ. ಬೇಲ್ (ರೀಲ್‌ನಲ್ಲಿ ದಾರ ಹಿಡಿಯುವ ತಂತಿ) ತೆರೆದು ದಾರ ಬಿಡಿ, ಮೀನು ಬಾಯೊಳಗೆ ಎರೆ ತಿರುಗಿಸಿಕೊಳ್ಳಲಿ. ಆಮೇಲೆ ಬೇಲ್ ಮುಚ್ಚಿ, ಸಡಿಲ ಸುತ್ತಿಕೊಂಡು, ಭಾರ ಸಿಕ್ಕಾಗ ರಾಡನ್ನು ಪಕ್ಕಕ್ಕೆ ಉದ್ದಕ್ಕೆ ಎಳೆಯಿರಿ. ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಆ ದಿನದ ಮೀನೇ ಹೇಳಬೇಕು. ಎರೆ ಖಾಲಿಯಾಗಿ ಬಂದರೆ ಇನ್ನೂ ಸ್ವಲ್ಪ ಬಿಡಿ, ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕಡಿಮೆ ಮಾಡಿ.

ರಬ್ಬರ್ ಕಪ್ಪೆ ಹಾಕಿ ಬಾಸ್ ಹಿಡಿಯುವವರು ನೀರು ಚಿಮ್ಮಿದ ಕೂಡಲೇ ಜಗ್ಗುತ್ತಾರೆ. ಕಪ್ಪೆ ಹಾರಿ ಮುಖಕ್ಕೆ ಬರುತ್ತದೆ. ಸದ್ದಿಗೆ ಎಳೆಯಬೇಡಿ, ದಾರದಲ್ಲಿ ಭಾರ ಗೊತ್ತಾದ ಮೇಲೆ ಎಳೆಯಿರಿ.

ಎಲ್ಲ ಮೀನಿಗೂ ಸಮಾನವಾದ ಒಂದು ಪರೀಕ್ಷೆ: ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಗೀರಿ ನಿಂತರೆ ಚೂಪು ಇದೆ. ಜಾರಿದರೆ ಬದಲಿಸಿ. ಕಲ್ಲಿನ ತಳದಲ್ಲಿ ಜಿಗ್ ಎಳೆಯುವ ದಿನ ಇದನ್ನು ಆಗಾಗ ನೋಡಬೇಕು.

ಸಿಕ್ಕಿದ್ದು ತಪ್ಪಿಸಿಕೊಳ್ಳುತ್ತದೆ

ಕ್ರಾಪಿ ಆದರೆ ನಿಮ್ಮ ಕೈಯೇ ಜೋರು. ಅದರ ಬಾಯಿಯ ಚರ್ಮ ಕಾಗದದಷ್ಟು ತೆಳು. ಜಗ್ಗಿದರೆ ಹರಿಯುತ್ತದೆ. ಮೆತ್ತನೆ ರಾಡ್, ನಿಧಾನದ ಎಳೆತ, ಎತ್ತುವಾಗ ಬಲೆ. ಸ್ಮಾಲ್‌ಮೌತ್ ನೀರಿನಿಂದ ಮೇಲೆ ಹಾರಿ ತಲೆ ಕೊಡವಿ ಕೊಕ್ಕೆ ಉದುರಿಸುತ್ತದೆ. ಹಾರುವ ಸೂಚನೆ ಸಿಕ್ಕರೆ ರಾಡ್ ತುದಿಯನ್ನು ನೀರಿನ ಹತ್ತಿರಕ್ಕೆ ಇಳಿಸಿ, ದಾರ ಸಡಿಲ ಆಗದಂತೆ ನೋಡಿಕೊಳ್ಳಿ. ಪೈಕ್ ದೋಣಿ ಪಕ್ಕ ಬಂದು ಸುಮ್ಮನೆ ಮರದ ತುಂಡಿನಂತೆ ಇರುತ್ತದೆ, ದೋಣಿ ಕಂಡ ಕೂಡಲೇ ಬಾಣದಂತೆ ಓಡುತ್ತದೆ. ಆ ಓಟಕ್ಕೆ ಡ್ರ್ಯಾಗ್, ಅಂದರೆ ರೀಲ್‌ನ ಬಿಗಿ ಹೊಂದಿಸುವ ಬ್ರೇಕು, ದಾರ ಬಿಡಬೇಕು.

ಡ್ರ್ಯಾಗ್ ಎಷ್ಟಿರಬೇಕು? ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗ. 8 ಪೌಂಡ್ ದಾರಕ್ಕೆ ಸುಮಾರು 2 ಪೌಂಡ್ ಎಳೆತಕ್ಕೆ ರೀಲ್ ಬಿಡಬೇಕು. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿ ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ದಾರದ ತುದಿಯನ್ನು ಅದಕ್ಕೆ ಕಟ್ಟಿ, ರಾಡ್ ಬಾಗಿಸಿ, ಯಾವ ತೂಕಕ್ಕೆ ರೀಲ್ ಜಾರುತ್ತದೆ ಅಂತ ನೋಡಿ.

ಡ್ರ್ಯಾಗ್ ಎಷ್ಟು ಬಿಗಿ ಮಾಡಿದರೂ ದಾರ ಹೋಗುತ್ತಲೇ ಇದೆ ಅಂದರೆ ರೀಲ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಬ್ರೇಡ್ (ಹೆಣೆದ) ದಾರವನ್ನು ನುಣುಪಾದ ಸ್ಪೂಲ್‌ಗೆ (ರೀಲ್‌ನ ದಾರ ಸುತ್ತುವ ಉರುಳೆಗೆ) ನೇರವಾಗಿ ಸುತ್ತಿದ್ದರೆ ಇಡೀ ದಾರದ ಉಂಡೆಯೇ ಸ್ಪೂಲ್ ಮೇಲೆ ಗಿರಗಿರ ತಿರುಗುತ್ತದೆ. ಬಿಚ್ಚಿ, ಮೊದಲು ಕೆಲವು ಸುತ್ತು ಮಾನೋಫಿಲಮೆಂಟ್ (ಒಂದೆಳೆಯ ನೈಲಾನ್) ದಾರ ಸುತ್ತಿ, ಅದರ ಮೇಲೆ ಬ್ರೇಡ್ ಕಟ್ಟಿ.

ದಾರ ತುಂಡಾಗಿದೆ

ಇಲ್ಲಿ ಸಾಕ್ಷಿ ನಿಮ್ಮ ಕೈಯಲ್ಲೇ ಇದೆ. ಬೇಜಾರಿನಲ್ಲಿ ತುದಿ ಕತ್ತರಿಸಿ ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ.

ತುದಿ ಹಂದಿಬಾಲದಂತೆ ಸುರುಳಿ ಆಗಿದ್ದರೆ ಗಂಟು ಜಾರಿದೆ. ದಾರದ್ದು ಏನೂ ತಪ್ಪಿಲ್ಲ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಬೇಕು, ಒಣಗಿದ್ದಾಗ ಬಿಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಬ್ರೇಡ್‌ಗೆ ಪ್ಯಾಲೊಮಾರ್ ಗಂಟು ನಂಬಬಹುದು, ಸಾಮಾನ್ಯ ಕ್ಲಿಂಚ್ ಗಂಟು ಜಾರುತ್ತದೆ.

ತುದಿ ಕತ್ತರಿಯಿಂದ ಕತ್ತರಿಸಿದಷ್ಟು ನೇರ ಇದ್ದರೆ, ಎಳೆತವೂ ಹೆಚ್ಚು ಗೊತ್ತಾಗದೆ ದಾರ ಹಗುರಾಗಿದ್ದರೆ, ಅದು ಪೈಕ್ ಹಲ್ಲು. ಇದಕ್ಕೆ ದಪ್ಪ ದಾರ ಉತ್ತರ ಅಲ್ಲ. ಲೂರ್ ಮುಂದೆ ಒಂದು ಅಡಿ ಉಕ್ಕಿನ ತಂತಿಯ ಲೀಡರ್ ಹಾಕಿ. ಉಕ್ಕು ಕಂಡರೆ ವಾಲೈ ಹತ್ತಿರ ಬರುವುದಿಲ್ಲ ಅನ್ನುವವರಿದ್ದಾರೆ. ವಾಲೈಗೆ ಅಂತಲೇ ಹೋದ ದಿನ ನಾನೂ ಹಾಕುವುದಿಲ್ಲ, ಒಂದೆರಡು ಜಿಗ್ ಹೋದರೆ ಹೋಗಲಿ. ಆದರೆ ದೊಡ್ಡ ಲೂರ್ ಬಾಯಲ್ಲೇ ಉಳಿದು ಪೈಕ್ ನರಳುವುದು ಬೇಡ, ಅದಕ್ಕೆ ಲೀಡರ್ ಇರಲಿ.

ತುದಿಯಿಂದ ಮೇಲಕ್ಕೆ ಒಂದೆರಡು ಅಡಿ ಒರಟಾಗಿ, ನಾರು ನಾರಾಗಿ ಇದ್ದರೆ ಕಲ್ಲು ಅಥವಾ ಜೀಬ್ರಾ ಮಸಲ್ ಚಿಪ್ಪು ಉಜ್ಜಿದೆ. ಚಿಪ್ಪಿನ ಅಂಚು ಬ್ಲೇಡ್‌ನಷ್ಟು ಚೂಪು. ಕಡೆಯ ಮೂರು ಅಡಿಯನ್ನು ಬೆರಳುಗಳ ನಡುವೆ ಎಳೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಒರಟು ಸಿಕ್ಕರೆ ಕತ್ತರಿಸಿ ಹೊಸದಾಗಿ ಕಟ್ಟಿ. ಪ್ರತಿ ಸಲ ಒಂದೇ ದೂರದಲ್ಲಿ ತುಂಡಾಗುತ್ತಿದ್ದರೆ ರಾಡ್‌ನ ಉಂಗುರಗಳನ್ನು ಹತ್ತಿಯಿಂದ ಒರೆಸಿ. ಹತ್ತಿ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಉಂಗುರ ಬಿರುಕು ಬಿಟ್ಟಿದೆ.

ಮಾನೋ ದಾರ ತುದಿಯಲ್ಲಿ ಎಳೆದು ಸಣ್ಣಗಾಗಿ ತುಂಡಾಗಿದ್ದರೆ ಡ್ರ್ಯಾಗ್ ಬಿಗಿ ಜಾಸ್ತಿ.

ದಾರ ಗೋಜಲಾಗುತ್ತದೆ

ಸ್ಪಿನ್ನಿಂಗ್ ರೀಲ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣ. ಸ್ಪೂಲ್‌ಗೆ ದಾರ ಅತಿಯಾಗಿ ತುಂಬಿದ್ದು, ಅಂಚಿನಿಂದ ಒಂದೆರಡು ಮಿಲಿಮೀಟರ್ ಕೆಳಗೆ ನಿಲ್ಲಿಸಬೇಕು. ಬೇಲ್ ಅನ್ನು ಕೈಯಿಂದ ಮುಚ್ಚದೆ ಹಿಡಿಕೆ ತಿರುಗಿಸಿ ಮುಚ್ಚುವುದು. ಡ್ರ್ಯಾಗ್ ಬಿಡುತ್ತಿರುವಾಗಲೂ ಹಿಡಿಕೆ ತಿರುಗಿಸುತ್ತಲೇ ಇರುವುದು. ಗಿರಗಿರ ತಿರುಗುವ ಲೂರ್‌ಗೆ ಸ್ವಿವೆಲ್ (ತಿರುಗುವ ಕೊಂಡಿ) ಹಾಕದಿರುವುದು. ಆಗಲೇ ತಿರುಚಿಕೊಂಡಿದ್ದರೆ ಲೂರ್ ಬಿಚ್ಚಿ, ಬರೀ ದಾರವನ್ನು ನಡೆಯುತ್ತಿರುವ ದೋಣಿಯ ಹಿಂದೆ ಉದ್ದಕ್ಕೆ ಬಿಟ್ಟು ಸ್ವಲ್ಪ ದೂರ ಹೋಗಿ. ತಿರುಚು ತಾನೇ ಬಿಡುತ್ತದೆ.

ವಾಪಸ್ ಬಿಟ್ಟ ಮೀನು ಮುಳುಗುವುದಿಲ್ಲ

ಮೂವತ್ತು ಅಡಿಗಿಂತ ಆಳದಿಂದ ಎತ್ತಿದ ವಾಲೈ, ಕ್ರಾಪಿ, ಪರ್ಚ್‌ಗಳಲ್ಲಿ ಇದು ಕಾಣುತ್ತದೆ. ಒತ್ತಡ ಇಳಿದು ಹೊಟ್ಟೆಯ ಗಾಳಿಚೀಲ ಉಬ್ಬಿರುತ್ತದೆ. ನೀರಿನಲ್ಲಿ ಹಿಡಿದು ಅಲುಗಾಡಿಸಿದರೆ ಇದು ಸರಿಹೋಗುವುದಿಲ್ಲ. ತಿನ್ನಲು ಬೇಕಾದಷ್ಟು ಸಿಕ್ಕ ಮೇಲೆ ಆಳದ ಜಾಗ ಬಿಟ್ಟುಬಿಡಿ, ಅಷ್ಟೇ.

ಕೆರೆಯನ್ನೇ ಬದಲಿಸುವುದಾದರೆ

ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಆಳದ ಕೆರೆಯ ಮೇಲಿನ ನೀರು ತಣ್ಣಗಾಗಿ ಕೆಳಗಿನದರೊಂದಿಗೆ ಬೆರೆಯುತ್ತದೆ. ನೀರಿನ ಬಣ್ಣ ಕೆಡುತ್ತದೆ, ತಳದ ಕಸ ತೇಲುತ್ತದೆ, ಕೆಲವು ದಿನ ಮೀನು ಎಲ್ಲೆಂದರಲ್ಲಿ ಚದುರಿರುತ್ತದೆ. ಅಲ್ಲಿ ಹಟ ಹಿಡಿದು ಕೂರುವ ಬದಲು ಆಳ ಕಡಿಮೆ ಇರುವ ಕೆರೆಗೆ ಅಥವಾ ನದಿಗೆ ಹೋಗಿ.

ಹೋಗುವ ಮುಂಚೆ ಆ ಕೆರೆಯ ನಿಯಮ ಓದಿ. ಎಷ್ಟು ಇಂಚಿನ ಮೀನು ಇಟ್ಟುಕೊಳ್ಳಬಹುದು ಅನ್ನುವುದು ಕೆರೆಯಿಂದ ಕೆರೆಗೆ ಬೇರೆ ಆಗಬಹುದು. ಪೈಕ್‌ಗೆ 2018ರಿಂದ ರಾಜ್ಯವನ್ನು ಮೂರು ವಲಯ ಮಾಡಿ ಮೂರು ಬೇರೆ ಬೇರೆ ಲೆಕ್ಕ ಇಟ್ಟಿದ್ದಾರೆ. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ದಾರ, ಎರಡು ದಾರದ ಅವಕಾಶ ಹಿಮಗಟ್ಟಿದ ಕೆರೆಯಲ್ಲಿ ಮಾತ್ರ. ದೋಣಿ ಹೊರಗೆ ತೆಗೆದ ಮೇಲೆ ಅಂಟಿದ ಕಳೆ ಕಿತ್ತು ಹಾಕಿ, ತಳದ ಬಿರಡೆ ತೆಗೆದು ನೀರು ಪೂರ್ತಿ ಬಸಿಯಿರಿ. ಬಿರಡೆ ಹಾಕಿಕೊಂಡು ರಸ್ತೆಗೆ ಇಳಿದರೆ ದಂಡ. ಮಿನ್ನೋ ಬಕೆಟ್ಟಿನ ಕೆರೆ ನೀರನ್ನೂ ಅಲ್ಲೇ ಚೆಲ್ಲಿ, ಮನೆಯಿಂದ ತಂದ ನಲ್ಲಿ ಅಥವಾ ಬಾಟಲಿ ನೀರು ತುಂಬಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದಿರಬೇಕು, ಇಲ್ಲದಿದ್ದರೆ ಮುಂದಿನ ಕೆರೆ ಮುಟ್ಟುವ ಮೊದಲೇ ಎರೆ ಸತ್ತಿರುತ್ತದೆ. ಬೇಡವಾದ ಮಿನ್ನೋ, ಜಿಗಣೆ, ಎರೆಹುಳಗಳನ್ನು ಕೆರೆಗೂ ದಡಕ್ಕೂ ಎಸೆಯದೆ ಕಸದ ಡಬ್ಬಿಗೆ ಹಾಕಿ.